ಇನ್ನೂ ಹುಟ್ಟದ ದಿನಕ್ಕೆ ಸಹಿ

ತಾಯಂದಿರೇ, ಅಣ್ಣಂದಿರೇ, ಇವತ್ತಿನ ಮಾತು ಸಾಕ್ಷಿಯ ಬಗ್ಗೆ. ಸಾಕ್ಷಿ ಹೇಳುವುದೆಂದರೆ ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲುವುದು ಎಂದು ನೀವು ತಿಳಿದಿದ್ದೀರಿ. ಅಷ್ಟೇ ಅಲ್ಲ. ಬೆಳಗಿನಿಂದ ಸಂಜೆಯವರೆಗೆ ನೀವು ಸಾಕ್ಷಿ ಹೇಳುತ್ತಲೇ ಇರುತ್ತೀರಿ. ದಾರಿಯಲ್ಲಿ ಯಾರೋ ಕೇಳುತ್ತಾರೆ, ನೀವು "ಮನ್ಯಾಗ ಎಲ್ಲಾರೂ ಆರಾಮ ಅದಾರ್ರಿ" ಎನ್ನುತ್ತೀರಿ. ಅದು ಸಾಕ್ಷಿ. ನೋಡಿ ಹೇಳಿದಿರೋ, ನೋಡದೆ ಹೇಳಿದಿರೋ? ಕೈಯನ್ನು ಎದೆಯ ಮೇಲಿಟ್ಟು ಹೇಳಿ. ಈಗಲೇ ಬೇಡ. ಒಂದು ದೃಷ್ಟಾಂತ ಕೇಳಿ, ಆಮೇಲೆ ಹೇಳಿ.

ಎಲ್ಲೋ ಒಂದು ವಿಶ್ವವಿದ್ಯಾಲಯವಿದೆ ಎಂದುಕೊಳ್ಳಿ. ಯಾವ ಊರು ಎಂದು ಕೇಳಬೇಡಿ. ಹೇಳಿದರೆ ನೀವು ಕಥೆಯನ್ನು ಬಿಟ್ಟು ಊರನ್ನು ಹಿಡಿದುಕೊಳ್ಳುತ್ತೀರಿ. ಅಲ್ಲಿ ಅನುದಾನ ವಿಭಾಗದಲ್ಲಿ ಒಬ್ಬ ಅಧೀಕ್ಷಕ. ಗುರುಪಾದಪ್ಪ ಎಂದು ಕರೆಯೋಣ. ಪ್ರೊಫೆಸರುಗಳು ಸಂಶೋಧನೆ ಮಾಡುತ್ತಾರಲ್ಲ, ಅದಕ್ಕೆ ದೆಹಲಿಯಿಂದ ಕೇಂದ್ರ ಸರ್ಕಾರದ ಹಣ ಬರುತ್ತದೆ. ಯಾರ ಹಣ ಅದು? ನಿಮ್ಮದೇ. ನೀವು ಸಾಬೂನು ಕೊಂಡಾಗ, ಬೆಂಕಿಪೊಟ್ಟಣ ಕೊಂಡಾಗ ಕೊಟ್ಟ ತೆರಿಗೆ ದೆಹಲಿಗೆ ಹೋಗಿ, ಅಲ್ಲಿಂದ ತಿರುಗಿ ಗುರುಪಾದಪ್ಪನ ಮೇಜಿಗೆ ಬರುತ್ತದೆ. ಅದನ್ನು ನಿಯಮದ ಪ್ರಕಾರ ಹಂಚುವುದು ಅವನ ಕೆಲಸ.

ನೋಡಿ, ಗುರುಪಾದಪ್ಪ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕೆಟ್ಟವನ ಕಥೆಯಾದರೆ ನೀವು ಹಾಯಾಗಿ ಕೇಳುತ್ತೀರಿ. ಅವನು ಒಂದು ಕಾಸು ಮುಟ್ಟಿದವನಲ್ಲ. ಅವನು ಆ ಕುರ್ಚಿಗೆ ಬರುವ ಮೊದಲು, ಪ್ರೊಫೆಸರುಗಳ ಕೈಕೆಳಗೆ ದುಡಿಯುವ ಹುಡುಗ ಹುಡುಗಿಯರಿಗೆ ತಿಂಗಳ ವೇತನ ತಿಂಗಳಿಗೆ ಸಿಗುತ್ತಿರಲಿಲ್ಲ. ಯುಗಾದಿಯದು ದೀಪಾವಳಿಗೆ ಬರುತ್ತಿತ್ತು. ಯಾಕೆ? ಪ್ರತಿ ತಿಂಗಳ ಕೊನೆಗೆ ಪ್ರೊಫೆಸರು ಒಂದು ಹಾಳೆಗೆ ಸಹಿ ಹಾಕಬೇಕು: 'ಇಂಥವರು ಈ ತಿಂಗಳು ಹಾಜರಿದ್ದು ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ.' ಆ ಸಹಿ ಬಂದರೆ ಮಾತ್ರ ವೇತನ. ಆದರೆ ತಿಂಗಳ ಕೊನೆಗೆ ಪ್ರೊಫೆಸರು ಊರಲ್ಲಿ ಇದ್ದರೆ ತಾನೇ? ಒಬ್ಬರು ಪುಣೆಯಲ್ಲಿ, ಒಬ್ಬರು ವಿದೇಶದಲ್ಲಿ, ಒಬ್ಬರು ಬೀಗರ ಮದುವೆಯಲ್ಲಿ.

ಗುರುಪಾದಪ್ಪನಿಗೆ ಆ ಮಕ್ಕಳ ಬಾಡಿದ ಮುಖ ನೋಡಲಾಗಲಿಲ್ಲ. ಅವನು ಒಂದು ಪದ್ಧತಿ ತಂದ. ಏಪ್ರಿಲ್ ತಿಂಗಳಲ್ಲಿ ಒಂದು ಡಬ್ಬಿ ಪೇಢೆ ಹಿಡಿದುಕೊಂಡು ಒಬ್ಬೊಬ್ಬ ಪ್ರೊಫೆಸರ ಕೋಣೆಗೆ ಹೋಗುವುದು. ವರ್ಷದ ಹನ್ನೆರಡು ತಿಂಗಳ ಹಾಳೆಗಳನ್ನೂ ಮುಂದಿಡುವುದು. ಒಂದೇ ಸಲ ಸಹಿ ಮಾಡಿಸಿಕೊಂಡು ಬಂದು ಕಪಾಟಿನಲ್ಲಿಡುವುದು. ತಿಂಗಳು ಮುಗಿದಂತೆ ಒಂದೊಂದು ತೆಗೆದು ವೇತನ ಹಾಕುವುದು.

ನೀರಿನ ಪ್ರೊಫೆಸರು ಒಬ್ಬರಿದ್ದರು. ಹಳ್ಳಿಯ ಕೊಳವೆಬಾವಿಗಳ ನೀರಿನಲ್ಲಿ ಮಕ್ಕಳ ಹಲ್ಲು, ಮೂಳೆ ಕೆಡಿಸುವ ಅಂಶ ಎಷ್ಟಿದೆ ಎಂದು ಹುಡುಕುವ ಯೋಜನೆ ಅವರದು. ಅವರು ಎಡಗೈಯಲ್ಲಿ ಪೇಢೆ ತಿನ್ನುತ್ತ ಬಲಗೈಯಲ್ಲಿ ಸಹಿ ಹಾಕುತ್ತಿದ್ದರು.

"ಇನ್ನೂ ಎಷ್ಟ ಅದಾವ್ರಿ ಗುರುಪಾದಪ್ಪ?"

"ಮುಗೀತ್ರಿ ಸರ್. ಫೆಬ್ರುವರಿ, ಮಾರ್ಚ್ ಅಷ್ಟ ಉಳದಾವು."

"ಮುಂದಿನ ಜನ್ಮದ್ದೂ ಇದ್ರ ತಗೊಂಬರ್ರಿ. ಪೇಢೆ ಇನ್ನೂ ಐತಿ."

ಇಬ್ಬರೂ ನಕ್ಕರು. ನೀವೂ ನಕ್ಕಿರಿ. ಆದರೆ ನೋಡಿ ಅಲ್ಲಿ ಏನಾಯಿತು. ಮುಂದಿನ ಫೆಬ್ರುವರಿಯನ್ನು ದೇವರು ಇನ್ನೂ ಹುಟ್ಟಿಸಿಲ್ಲ. ಆ ತಿಂಗಳು ಯಾರು ಉಳಿದಿರುತ್ತಾರೆ, ಯಾರು ಹಾಸಿಗೆ ಹಿಡಿದಿರುತ್ತಾರೆ, ಅವನೊಬ್ಬನಿಗೇ ಗೊತ್ತು. ಈ ಇಬ್ಬರು ಅದಾಗಲೇ ಸಾಕ್ಷಿ ಹೇಳಿ ಮುಗಿಸಿದ್ದಾರೆ. ಹಾಜರಿದ್ದಾರೆ! ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ!

ಅಂದಿನಿಂದ ವೇತನ ಒಂದು ದಿನವೂ ತಡವಾಗಲಿಲ್ಲ. ಹುಡುಗರು ಅವನನ್ನು ಕಂಡರೆ ಸೈಕಲ್ಲಿನಿಂದ ಇಳಿದು ನಮಸ್ಕಾರ ಮಾಡುತ್ತಿದ್ದರು. ರಾತ್ರಿ ದೇವರ ಮುಂದೆ ಕೈಮುಗಿಯುವಾಗ ಗುರುಪಾದಪ್ಪ ಬೇರೇನೂ ಕೇಳುತ್ತಿರಲಿಲ್ಲ. 'ನನ್ನ ಕೈಯಿಂದ ಯಾರಿಗೂ ತಡವಾಗದಿರಲಿ' ಎನ್ನುತ್ತಿದ್ದ. ಎಷ್ಟು ಒಳ್ಳೆಯ ಪ್ರಾರ್ಥನೆ! ಅಲ್ಲವೇ?

ಆ ವರ್ಷ ಸೆಪ್ಟೆಂಬರಿನಲ್ಲಿ ದೆಹಲಿಯಿಂದ ಯೋಜನೆಗಳನ್ನು ಪರಿಶೀಲಿಸಲು ಒಬ್ಬ ಹಿರಿಯ ಹೆಂಗಸು ಬಂದರು. ಮೂಲತಃ ಮೈಸೂರು ಕಡೆಯವರು. ಲೆಕ್ಕವನ್ನೆಲ್ಲ ನೋಡಿದರು, ತಲೆದೂಗಿದರು. ಗುರುಪಾದಪ್ಪನ ಎದೆ ಉಬ್ಬಿತು. ಆಕೆ ಕನ್ನಡಕ ತೆಗೆದಿಟ್ಟು ನೀರಿನ ಪ್ರೊಫೆಸರನ್ನು ಕೇಳಿದರು:

"ಎಲ್ಲಾ ಅಚ್ಚುಕಟ್ಟಾಗಿದೆ. ನಿಮ್ಮಲ್ಲಿ ಹಳ್ಳಿಹಳ್ಳಿಗೆ ಹೋಗಿ ನೀರು ತರೋ ಹುಡುಗಿ ಒಬ್ಬಳು ಇದಾಳಲ್ಲ, ಮಹಾನಂದಾ ಅಂತ. ನಾಳೆ ಬೆಳಿಗ್ಗೆ ಅವಳ ಹತ್ರ ಮಾತಾಡ್ಬೇಕು. ಬರೋಕೆ ಹೇಳ್ತೀರಾ?"

"ಅದಕ್ಕೇನ್ರಿ ಮೇಡಂ, ಧಾರಾಳ" ಎಂದರು ಪ್ರೊಫೆಸರು.

ಆಕೆ ಹೊರಗೆ ಹೋದರು. ಪ್ರೊಫೆಸರು ಗುರುಪಾದಪ್ಪನ ಕಡೆ ತಿರುಗಿದರು. "ಎಲ್ಲಿ ಅದಾಳ್ರಿ ಆಕಿ?"

"ನನ್ನ ಕೇಳ್ತೀರೇನ್ರಿ ಸರ್? ನಿಮ್ಮ ಹುಡುಗಿ ಆಕಿ."

"ಹಳ್ಳ್ಯಾಗ ಇರಬೇಕು. ಇತ್ತೀಚಿಗೆ ನಾ ಆಕೀನ್ನ ಕಂಡಿಲ್ಲ."

ಕಂಡಿಲ್ಲ! ಯಾವಾಗಿನಿಂದ? ಜೂನ್ ಕೊನೆಯಿಂದ. ನೀರು ಪರೀಕ್ಷಿಸುವ ಯಂತ್ರ ಮಳೆಗಾಲದ ಆರಂಭದಲ್ಲೇ ಕೆಟ್ಟು ಕೂತಿತ್ತು. ಯಂತ್ರವೇ ಇಲ್ಲದ ಮೇಲೆ ನೀರಿನ ಸೀಸೆ ಬಂತೇ ಬರಲಿಲ್ಲವೇ ಎಂದು ಯಾರೂ ಕೇಳಿರಲಿಲ್ಲ. ಗುರುಪಾದಪ್ಪ ಫೋನು ಹಚ್ಚಿದ. ಗಂಟೆ ಬಾರಿಸಿತು, ಎತ್ತುವವರಿಲ್ಲ. ಮತ್ತೆ ಹಚ್ಚಿದ. ಇಲ್ಲ.

ಪ್ರೊಫೆಸರು ದನಿ ತಗ್ಗಿಸಿದರು. "ಹಿಂಗ ಮಾಡೂಣ. ನಮ್ಮ ಪ್ರಯೋಗಶಾಲೆಯೊಳಗ ಇನ್ನೊಬ್ಬಾಕಿ ಅದಾಳ, ಚುರುಕ ಅದಾಳ. ನಾಳೆ ಒಂದ ತಾಸು ಆಕೀನ ಮಹಾನಂದಾ ಅಂತ ಕೂಡಸೂಣ. ದಿಲ್ಲಿಯಾಕಿಗೆ ಏನ ಗೊತ್ತಾಗ್ತದ?"

ಗುರುಪಾದಪ್ಪನಿಗೆ ಇದು ಸರಿಕಾಣಲಿಲ್ಲ. ಹುಡುಗಿಗೆ ಏನಾಗಿದೆಯೋ ಎಂಬ ಚಿಂತೆ ಪ್ರೊಫೆಸರಿಗೆ ಬರಲಿಲ್ಲ, ಅವಳ ಜಾಗದಲ್ಲಿ ಯಾರನ್ನು ಕೂಡಿಸಬೇಕೆಂಬ ಚಿಂತೆ ಮೊದಲು ಬಂತು. "ಬ್ಯಾಡ್ರಿ ಸರ್" ಎಂದ. "ನಾ ಹೋಗಿ ಕರಕೊಂಡ ಬರ್ತೇನಿ."

ಸ್ಕೂಟರ್ ಏರಿ, ಅವಳು ನೀರು ತರುತ್ತಿದ್ದ ಒಂದು ಹಳ್ಳಿಗೆ ಹೋದ. ಪಂಚಾಯಿತಿಯ ನಲ್ಲಿಯ ಹತ್ತಿರ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಕೇಳಿದ. ಒಬ್ಬಾಕೆ ಕೊಡವನ್ನು ಕೆಳಗಿಟ್ಟಳು.

"ಸೀಸೆ ಹಿಡಕೊಂಡ ಬರ್ತಿದ್ಲಲ್ಲ, ಆ ಹುಡುಗೀನಾ? ಕಾರಹುಣ್ಣಿವಿ ಆದಮ್ಯಾಲ ಬಂದೇ ಇಲ್ಲ ಬಿಡ್ರಿ. ನೀವ ಕೆಲಸದಿಂದ ತಗದೀರಿ ಅನಕೊಂಡ್ವಿ."

"ಇಲ್ಲವ್ವಾ. ತಿಂಗಳಾ ತಿಂಗಳಾ ಬಂದಾಳ ಅಂತ ನಮ್ಮ ಆಫೀಸಿನ್ಯಾಗ ಐತಿ."

"ಹಂಗಾದ್ರ ನಿಮ್ಮ ಆಫೀಸಿನ್ಯಾಗ ಹುಡುಕ್ರಿ, ಇಲ್ಲ್ಯಾಕ ಬಂದೀರಿ?"

ಎಲ್ಲರೂ ಗೊಳ್ಳೆಂದು ನಕ್ಕರು. ಇನ್ನೊಬ್ಬಾಕೆ ನಗಲಿಲ್ಲ. "ಆವಾಗ ಆಕಿ ಕಣ್ಣ ಹಳದಿ ಆಗಿದ್ವರಿ. ನಮ್ಮ ನೀರ ಕುಡ್ಯಾಕತ್ತಿದ್ಲು. ಕುಡೀಬ್ಯಾಡ ತಂಗಿ, ಕಾಸಿ ಕೊಡ್ತೇನಿ ಅಂದ್ರ ಕೇಳಲಿಲ್ಲ. ನೀವ ಕುಡೀತೀರಲ್ಲವ್ವಾ ಅಂದ್ಲು. ನೋಡ್ರಿ ಸಾಹೇಬ್ರ, ಪಾಪ."

ಈಗ ಗುರುಪಾದಪ್ಪನಿಗೆ ಹೆದರಿಕೆಯಾಯಿತು. ಅಲ್ಲಿಯೇ ನಿಂತು ಆ ಹುಡುಗಿಯ ತಾಯಿಗೆ ಫೋನು ಮಾಡಿದ. ತಾಯಿ ದೂರದ ಊರಿನಲ್ಲಿ ಅಂಗನವಾಡಿಯಲ್ಲಿ ಅಡುಗೆ ಮಾಡುವಾಕೆ. ವೇತನ ಹೋಗುವ ಬ್ಯಾಂಕಿನ ಖಾತೆ ತಾಯಿ ಮಗಳು ಇಬ್ಬರ ಹೆಸರಿನಲ್ಲೂ ಇತ್ತು, ಹಾಗಾಗಿ ತಾಯಿಯ ನಂಬರೂ ಅವನ ಬಳಿ ಇತ್ತು.

"ಆರಾಮ ಅದಾಳ್ರಿ ಸರ್. ಪಗಾರ ಬಂದೈತಲ್ರಿ ಮೊನ್ನೆ. ಪಗಾರ ಬಂತಂದ್ರ ಕೆಲಸಕ್ಕ ಹೋಗ್ಯಾಳ, ಕೆಲಸಕ್ಕ ಹೋದ್ಲಂದ್ರ ಆರಾಮ ಅದಾಳ. ಫೋನ್ ಮಾಡಿದಾಗೂ ಅಷ್ಟ ಹೇಳ್ತಾಳ, ಆರಾಮದೀನಿ ಅಂತಾಳ. ಯಾಕ್ರಿ, ಏನಾತು?"

"ಏನಿಲ್ಲವ್ವಾ. ಖೋಲಿ ಎಲ್ಲಿ ಮಾಡ್ಯಾಳ?"

ತಾಯಿ ಹೇಳಿದಳು. ವಿಶ್ವವಿದ್ಯಾಲಯದ ಹಿಂದಿನ ಓಣಿ. ಅವನು ದಿನಾ ಬೆಳಿಗ್ಗೆ ಹಾಲು ತರಲು ಹೋಗುವ ಓಣಿ.

ಸಂಜೆ ಆ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿದ. ಮಾಲಿಕ ಅಂಗಳದಲ್ಲಿ ಕೂತು ಪೇಪರ್ ಓದುತ್ತಿದ್ದ. "ಮ್ಯಾಲಿನ ಖೋಲಿ ಹುಡುಗಿ ಏನ್ರಿ? ಅದಾಳ್ರಿ. ಬಾಡಿಗಿ ಬರೋಬ್ಬರಿ ಫೋನಿನ್ಯಾಗ ಹಾಕ್ತಾಳ. ಒಂದ ಸಪ್ಪಳ ಇಲ್ಲ, ಗದ್ದಲ ಇಲ್ಲ. ಅಂಥಾ ಹುಡುಗಿ ಸಿಗಾಂಗಿಲ್ಲ ಬಿಡ್ರಿ."

ಸಪ್ಪಳ ಇಲ್ಲ! ಕೇಳಿದಿರಾ? ಸಪ್ಪಳ ಇಲ್ಲದಿರುವುದನ್ನು ಅವನು ಒಳ್ಳೆಯ ಗುಣ ಎಂದುಕೊಂಡಿದ್ದ.

ಗುರುಪಾದಪ್ಪ ಮೆಟ್ಟಿಲು ಹತ್ತಿದ. ಬಾಗಿಲು ತಟ್ಟಿದ. ತಟ್ಟಿದ. "ಮಹಾನಂದಾ, ನಾ ಅನುದಾನ ವಿಭಾಗದ ಗುರುಪಾದಪ್ಪ ಅದೀನವಾ. ಬಾಗಲಾ ತಗಿ" ಎಂದ. ಒಳಗೆ ಏನೋ ಸರಿದಾಡಿತು. ಬಹಳ ಹೊತ್ತಿನ ಮೇಲೆ ಚಿಲಕ ತೆರೆಯಿತು.

ಗೋಡೆ ಹಿಡಿದು ನಿಂತಿದ್ದಳು. ಮೈ ಹಳದಿ, ಕಣ್ಣು ಹಳದಿ, ಕಾಲು ಊದಿತ್ತು. ಚಾಪೆಯ ಪಕ್ಕ ಒಂದು ಚೀಲ ಚುರುಮುರಿ, ಒಂದು ಬಾಟಲಿ ನೀರು. ಕಾಮಾಲೆಗೆ ಯಾರೋ ಕೊಟ್ಟ ನಾರುಬೇರಿನ ಔಷಧ ಕುಡಿದು, ಒಮ್ಮೆ ಇಳಿದು, ಮತ್ತೆ ಏರಿ, ಆಮೇಲೆ ಏಳುವ ಶಕ್ತಿಯೂ ಹೋಗಿ, ಮನಸ್ಸೂ ಹೋಗಿ ಮಲಗಿಬಿಟ್ಟಿದ್ದಳು. ಅವನನ್ನು ಕಂಡು ಆಕೆ ಮೊದಲು ಹೇಳಿದ ಮಾತು ಏನು ಗೊತ್ತೇ? ನೀರು ಕೊಡಿ ಎನ್ನಲಿಲ್ಲ. ದವಾಖಾನೆಗೆ ಕರೆದೊಯ್ಯಿರಿ ಎನ್ನಲಿಲ್ಲ.

"ಪಗಾರ ಹೊಳ್ಳಿ ಕೊಡ್ತೇನ್ರಿ ಸರ್. ಕೆಲಸಕ್ಕ ಹೋಗಿಲ್ರಿ ನಾ. ಪೊಲೀಸರಿಗೆ ಹೇಳಬ್ಯಾಡ್ರಿ."

"ಯಾವ ಪೊಲೀಸ್ ತಂಗಿ? ಯಾಕ ಹೇಳಲಿಲ್ಲ ನೀ? ಒಂದ ಮಾತ ಆಫೀಸಿಗೆ ಹೇಳಬಾರದಿತ್ತೇನು?"

ಆಕೆ ಅಲ್ಲೇ ಕುಸಿದು ಕೂತಳು. "ಹೇಳಾಕ ಅಂಜಿಕಿ ಆತ್ರಿ. ಈ ತಿಂಗಳ ಪಗಾರ ನಿಲ್ಲತೈತಿ, ಆವಾಗ ಯಾರರ ಕೇಳಾಕ ಬರ್ತಾರ, ಆವಾಗ ಹೇಳೂಣ ಅನಕೊಂಡೆ. ಪಗಾರ ಬಂತು. ಮುಂದಿನ ತಿಂಗಳರ ಬರ್ತಾರ ಅನಕೊಂಡೆ. ಆವಾಗೂ ಬಂತು. ನಾ ಇದ್ರೂ ಅಷ್ಟ, ಇಲ್ದಿದ್ರೂ ಅಷ್ಟ ಅಂತ ಆತ್ರಿ ಸರ್."

ಅಮ್ಮಂದಿರೇ, ಅಪ್ಪಂದಿರೇ, ಗುರುಪಾದಪ್ಪ ಆ ಬಾಗಿಲಲ್ಲಿ ನಿಂತೇ ಇದ್ದ. ಇಷ್ಟು ವರ್ಷ ಅವನು ದೇವರಲ್ಲಿ ಬೇಡಿದ್ದೇನು? ತಡವಾಗದಿರಲಿ ಎಂದು. ಒಂದು ತಿಂಗಳು ತಡವಾಗಿದ್ದರೆ ಆಕೆ ಸಿಟ್ಟಿನಿಂದಲಾದರೂ ಫೋನು ಮಾಡುತ್ತಿದ್ದಳು. ತಾಯಿ ಕೇಳುತ್ತಿದ್ದಳು. ಮಾಲಿಕ ಬಾಡಿಗೆಗೆ ಬಾಗಿಲು ತಟ್ಟುತ್ತಿದ್ದ. ತಾನು ಹೊತ್ತಿಗೆ ಸರಿಯಾಗಿ ಕಳಿಸಿದ ಹಣ ಇವರೆಲ್ಲರ ಬಾಯಿ ಮುಚ್ಚಿಸಿತ್ತು. ಹುಡುಗಿಯನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕಿದ ಕೈ ತನ್ನದೇ ಎಂದು ಅವನಿಗೆ ಅನಿಸಿತು.

ಅತ್ತು ಕೂರಲಿಲ್ಲ. ಮಾಲಿಕನನ್ನು ಕೂಗಿದ, ಇಬ್ಬರೂ ಸೇರಿ ಆಕೆಯನ್ನು ಎತ್ತಿ ಇಳಿಸಿದರು, ಆಟೋ ಹಿಡಿದು ದವಾಖಾನೆಗೆ ಒಯ್ದರು. ಡಾಕ್ಟರು ನೋಡಿ, ಯಕೃತ್ತು ಬಹಳ ಕೆಟ್ಟಿದೆ, ಈಗಲೇ ಏನೂ ಹೇಳಲಾಗದು ಎಂದರು. ಬೆಳಗಿನ ಮೊದಲ ಬಸ್ಸಿಗೆ ತಾಯಿ ಬಂದಳು. ಮಗಳನ್ನು ನೋಡಿದಳು. ಅವಳ ಕೈಕಾಲು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಗುರುಪಾದಪ್ಪನ ಕಡೆ ತಿರುಗಿ ಸಣ್ಣ ಮಗುವಿನ ಹಾಗೆ ಕೇಳಿದಳು:

"ಪಗಾರ ಬಂದಿತ್ತಲ್ರಿ ಸರ್?"

ಅಷ್ಟೇ. ಬೈಯಲಿಲ್ಲ, ಶಪಿಸಲಿಲ್ಲ. ನಿಮ್ಮನ್ನು ಕೇಳಿದ್ದರೆ ಏನು ಹೇಳುತ್ತಿದ್ದಿರಿ?

ಅಲ್ಲಿಂದ ನೇರವಾಗಿ ಅವನು ಕಚೇರಿಗೆ ಹೋದ. ಸುದ್ದಿ ಮುಟ್ಟಿತ್ತು; ವಿಶ್ವವಿದ್ಯಾಲಯದ ಆಡಳಿತ ನೋಡುವ ಕುಲಸಚಿವರು, ನೀರಿನ ಪ್ರೊಫೆಸರು ಇಬ್ಬರೂ ಅವನನ್ನು ಬಾಗಿಲಲ್ಲೇ ಹಿಡಿದರು. ಕುಲಸಚಿವರು ಬುದ್ಧಿವಂತರು. "ಗುರುಪಾದಪ್ಪ, ಹುಡುಗಿ ದವಾಖಾನ್ಯಾಗ ಅದಾಳ, ನಿನ್ನೆ ಜ್ವರ ಬಂತು ಅಂತ ಹೇಳ್ರಿ. ಸುಳ್ಳೂ ಆಗಾಂಗಿಲ್ಲ. ಮುಂಗಡ ಸಹಿ ಅಂತ ಬಾಯಿ ಬಿಟ್ರ ಒಂದ ಯೋಜನೆ ಅಲ್ಲ, ಎಲ್ಲಾ ಯೋಜನೆಗಳ ಹಣ ನಿಲ್ಲತೈತಿ. ಎಷ್ಟ ಮಕ್ಕಳ ಹೊಟ್ಟಿ ಮ್ಯಾಲ ಹೊಡೀತೀರಿ? ವಿಚಾರ ಮಾಡ್ರಿ."

ನೋಡಿ, ಇದು ಸುಲಭದ ಪ್ರಶ್ನೆಯಲ್ಲ. ಕುಲಸಚಿವರು ಹೇಳಿದ್ದರಲ್ಲಿ ನ್ಯಾಯವಿತ್ತು. ಗುರುಪಾದಪ್ಪ ವಿಚಾರ ಮಾಡಿದ. ಕಪಾಟು ತೆರೆದ. ಸಹಿಯಾದ ಹಾಳೆಗಳ ಕಟ್ಟು ಇನ್ನೂ ಇತ್ತು. ಅಕ್ಟೋಬರಿನಲ್ಲಿ ಮಹಾನಂದಾ ಹಾಜರು, ನವೆಂಬರಿನಲ್ಲಿ ಹಾಜರು, ತೃಪ್ತಿಕರ, ತೃಪ್ತಿಕರ. ಆಕೆ ಆ ತಿಂಗಳುಗಳನ್ನು ಕಾಣುತ್ತಾಳೋ ಇಲ್ಲವೋ ಎಂದು ಡಾಕ್ಟರಿಗೇ ಗೊತ್ತಿಲ್ಲ. ಉಳಿದ ಮಕ್ಕಳ ಹೆಸರೂ ಹಾಗೆಯೇ ಇತ್ತು. ಅವರಲ್ಲಿ ಇನ್ನೂ ಯಾರು ಯಾವ ಕೋಣೆಯಲ್ಲಿ ಮಲಗಿದ್ದಾರೋ, ಈ ಕಟ್ಟನ್ನು ಇಟ್ಟುಕೊಂಡಿರುವವರೆಗೆ ತನಗೆ ತಿಳಿಯುವುದೇ ಇಲ್ಲ.

ಕಟ್ಟನ್ನು ಎತ್ತಿಕೊಂಡು ಹೋಗಿ ದೆಹಲಿಯ ಹಿರಿಯಾಕೆಯ ಮುಂದಿಟ್ಟ.

"ಮೇಡಂ, ಇವು ಸುಳ್ಳು ಸಹಿ ಅಲ್ರಿ, ಪ್ರೊಫೆಸರುಗಳದ್ದೇ ಸಹಿ. ಆದ್ರ ಯಾರೂ ನೋಡಿ ಹಾಕಿದ್ದಲ್ಲ. ಈ ಪದ್ಧತಿ ತಂದಾಂವ ನಾನ."

ಆಕೆ ಹಾಳೆಗಳನ್ನು ತಿರುವಿ ನೋಡಿದರು. "ಇದನ್ನ ನಾನು ವರದೀಲಿ ಬರೀಲೇಬೇಕು. ನಿಮ್ಮ ಕೆಲಸಕ್ಕೂ ತೊಂದ್ರೆ ಆಗ್ಬಹುದು."

"ಬರೀರಿ" ಎಂದ ಗುರುಪಾದಪ್ಪ.

ಹಣ ನಿಂತಿತು. ಕುಲಸಚಿವರು ಹೇಳಿದ ಹಾಗೆಯೇ ಆಯಿತು. ಗುರುಪಾದಪ್ಪನ ಬಡ್ತಿಯೂ ನಿಂತಿತು. ಆ ದೀಪಾವಳಿಗೆ ಯಾರಿಗೂ ವೇತನವಿಲ್ಲ. ಸೈಕಲ್ಲಿನಿಂದ ಇಳಿಯುತ್ತಿದ್ದ ಹುಡುಗರು ಈಗ ಗಂಟೆ ಬಾರಿಸಿಕೊಂಡು ಪಕ್ಕದಲ್ಲೇ ಹೋದರು. ಒಬ್ಬ ನಿಂತು ಕೇಳಿದ: "ಗುರುಪಾದಪ್ಪ ಸರ್, ನಿಮ್ಮ ಸತ್ಯಾನ ಕುಕ್ಕರಿನ್ಯಾಗ ಹಾಕಿ ಎರಡ ಸೀಟಿ ಹೊಡಸೂಣೇನ್ರಿ?"

ಗುರುಪಾದಪ್ಪ ಅವನ ಮುಖವನ್ನೇ ನೋಡಿದ. "ಉಂಡೀಯೇನಪಾ?" ಎಂದು ಕೇಳಿದ. ಹುಡುಗ ಗಲಿಬಿಲಿಗೊಂಡ. ಉಂಡಿರಲಿಲ್ಲ. ಅವನನ್ನು ಮನೆಗೆ ಕರೆದುಕೊಂಡು ಹೋಗಿ ರೊಟ್ಟಿ, ಹೆಸರುಕಾಳಿನ ಪಲ್ಯ ಹಾಕಿ, ಉಣ್ಣುವವರೆಗೆ ಎದುರಿಗೆ ಕೂತ. ಅವನ ಊರು ಕೇಳಿದ, ತಂದೆಯ ಹೆಸರು ಕೇಳಿದ. ಇಷ್ಟು ವರ್ಷ ಆ ಹುಡುಗನಿಗೆ ವೇತನ ಕಳಿಸಿದ್ದ. ಮುಖವನ್ನು ನಿಂತು ಸರಿಯಾಗಿ ನೋಡಿದ್ದು ಅವತ್ತೇ.

ಮುಂದೆ ಹಣ ಬಂತು. ಹೊಸ ಪದ್ಧತಿಯೂ ಬಂತು. ತಿಂಗಳು ಮುಗಿದ ಮೇಲೆ ಗುರುಪಾದಪ್ಪ ಪ್ರೊಫೆಸರುಗಳನ್ನು ಎಬ್ಬಿಸಿಕೊಂಡು ಪ್ರಯೋಗಶಾಲೆಗೆ, ಹೊಲಕ್ಕೆ, ಹಳ್ಳಿಗೆ ಹೋಗುತ್ತಿದ್ದ. ದೂರ ಇದ್ದವರಿಗೆ ಫೋನಿನಲ್ಲಿ ಮುಖ ತೋರಿಸು ಎನ್ನುತ್ತಿದ್ದ. ಕಂಡ ಮೇಲೆ ಸಹಿ. ವೇತನ ನಾಲ್ಕಾರು ದಿನ ತಡವಾಗುತ್ತಿತ್ತು. ನೀರಿನ ಪ್ರೊಫೆಸರು "ನಡೀರಿ, ದರ್ಶನಕ್ಕ ಹೋಗೂಣ" ಎಂದು ಚುಚ್ಚುತ್ತಿದ್ದರು. ಚುಚ್ಚುತ್ತಲೇ ಹೋಗುತ್ತಿದ್ದರು. ಹೋದರಲ್ಲ, ಅಷ್ಟು ಸಾಕಿತ್ತು ಅವನಿಗೆ.

ಹುಡುಗಿ ಏನಾದಳು ಎಂದು ಹಿಂದೆ ಕೂತ ಅಕ್ಕ ಕೇಳುತ್ತಿದ್ದಾರೆ. ಬದುಕಿದಳು. ಚಳಿಗಾಲವೆಲ್ಲ ತಾಯಿಯ ಮನೆಯಲ್ಲಿ ಗಂಜಿ ಕುಡಿದು ಎದ್ದು ಕೂತಳು. ಅಗೋ, ಬದುಕಿದಳು ಎಂದ ಕೂಡಲೇ ನಿಮ್ಮೆಲ್ಲರ ಮುಖ ಸಡಿಲವಾಯಿತು. ಬೇಡ, ಅಷ್ಟು ಬೇಗ ಸಡಿಲವಾಗಬೇಡಿ. ಎಲ್ಲರ ಮನೆಯ ಹುಡುಗಿಯೂ ಬದುಕುವುದಿಲ್ಲ. ಎಲ್ಲ ಬಾಗಿಲಿಗೂ ಗುರುಪಾದಪ್ಪ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಕೆಲವು ಬಾಗಿಲುಗಳನ್ನು ಒಡೆದು ತೆಗೆಯಬೇಕಾಗುತ್ತದೆ. ಆಮೇಲೆ ಫೋಟೋಕ್ಕೆ ಹಾರ ಹಾಕುವ ಕೈಗಳಿಗೆ ನಿದ್ದೆ ಬರುವುದಿಲ್ಲ, ವರ್ಷಗಟ್ಟಲೆ.

ಈಗ ಹೇಳಿ. ಮುಂಗಡ ಸಹಿ ಹಾಕಿದವನು ಆ ಪ್ರೊಫೆಸರೊಬ್ಬನೇ? ವಿಧವೆಯಾದ ಅಕ್ಕನಿಗೆ ತಿಂಗಳಿಗಿಷ್ಟು ಎಂದು ಬ್ಯಾಂಕಿನಲ್ಲಿ ಬರೆದುಕೊಟ್ಟು ಬಂದಿದ್ದೀರಲ್ಲ, ಅದು ತಾನಾಗಿ ಹೋಗುತ್ತದೆ, ನೀವು ಹೋಗುತ್ತೀರಾ? ಫೋನಿನ ಗುಂಪಿನಲ್ಲಿ ಬೆಳಿಗ್ಗೆ ಎದ್ದು ಹೂವಿನ ಚಿತ್ರ ಕಳಿಸುತ್ತೀರಿ, ಅವರೂ ಕಳಿಸುತ್ತಾರೆ, ಇಬ್ಬರೂ ಆರಾಮ ಎಂದಾಯಿತು. ಹೂವು ಕಳಿಸಿದವನು ಹಾಸಿಗೆಯಿಂದ ಕಳಿಸಿದನೋ ಎಲ್ಲಿಂದ ಕಳಿಸಿದನೋ ಯಾರಿಗೆ ಗೊತ್ತು? ಎದುರಿಗೆ ಸಿಕ್ಕವರನ್ನು ಆರಾಮೇನ್ರಿ ಎಂದು ಕೇಳುತ್ತೀರಿ. ಅವರು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ನೀವು ಓಣಿ ದಾಟಿರುತ್ತೀರಿ. ಇಲ್ಲಿಯೂ ನೋಡಿ, ಈ ದೇವಸ್ಥಾನದಲ್ಲಿ. ವರ್ಷದ ಸೋಮವಾರಗಳ ಅಭಿಷೇಕಕ್ಕೆ ಒಂದೇ ಸಲ ರಸೀದಿ ಮಾಡಿಸುತ್ತೀರಿ, ಒಂದು ಸೋಮವಾರವೂ ಮುಖ ತೋರಿಸುವುದಿಲ್ಲ. ದೇವರ ಮುಂದೆಯೂ ನೀವು ಹಾಜರಿ ಹಾಕಿಸಿಟ್ಟು ಹೋದವರೇ!

ಇವತ್ತಿನಿಂದ ಹೀಗೆ ಮಾಡಿ. ಹಣ ಕಳಿಸುವವರು ಕಳಿಸಿ, ನಿಲ್ಲಿಸಬೇಡಿ. ಆದರೆ ಕಳಿಸುವ ಮೊದಲು ಮುಖ ನೋಡಿ. ನೋಡಲಾಗದಿದ್ದರೆ ದನಿ ಕೇಳಿ. ಆರಾಮ ಎಂದರೆ ಅಲ್ಲಿಗೆ ಬಿಡಬೇಡಿ. ಏನು ಉಂಡೆ, ಎಷ್ಟು ಹೊತ್ತಿಗೆ ಎದ್ದೆ, ಎಲ್ಲಿ ಹೋಗಿದ್ದೆ ಎಂದು ಕೇಳಿ, ಉತ್ತರ ಪೂರ್ತಿ ಬರುವವರೆಗೆ ನಿಲ್ಲಿ. ನೋಡದೆ ಯಾರನ್ನೂ ಆರಾಮ ಇದ್ದಾರೆ ಎಂದು ಹೇಳಬೇಡಿ. ಗೊತ್ತಿಲ್ಲ ಎನ್ನಿ, ನೋಡಿ ಬಂದು ಹೇಳುತ್ತೇನೆ ಎನ್ನಿ. ಗೊತ್ತಿಲ್ಲ ಎನ್ನುವುದಕ್ಕೆ ನಾಚಿಕೆಯಿಲ್ಲ.

ಇವತ್ತು ಪ್ರವಚನ ಇಲ್ಲಿಗೇ ನಿಲ್ಲಿಸುತ್ತೇನೆ, ಇನ್ನೂ ಹೊತ್ತಿದೆ ಎಂದು ನನಗೆ ಗೊತ್ತು. ಭಜನೆಯೂ ಬೇಡ. ನಿಮ್ಮ ಅಕ್ಕಪಕ್ಕ ನೋಡಿ. ಹೋದ ವಾರ ನಿಮ್ಮ ಪಕ್ಕದಲ್ಲಿ ಕೂತಿದ್ದವರು ಇವತ್ತು ಇದ್ದಾರೆಯೇ? ಎಡಗಡೆ ಕಂಬದ ಹತ್ತಿರ ಎರಡು ಜಾಗ ಖಾಲಿ ಇದೆ, ನನಗೆ ಇಲ್ಲಿಂದ ಕಾಣುತ್ತದೆ. ಅವರು ಯಾಕೆ ಬಂದಿಲ್ಲ? ಊರಿಗೆ ಹೋಗಿರಬೇಕು ಎಂದು ಯಾರೋ ಹೇಳುತ್ತಿದ್ದೀರಿ. ಇರಬೇಕು ಎನ್ನಬೇಡಿ. ಏಳಿ, ಚಪ್ಪಲಿ ಮೆಟ್ಟಿಕೊಳ್ಳಿ, ಅವರ ಬಾಗಿಲಿಗೆ ಹೋಗಿ. ಬಾಗಿಲು ತೆರೆಯುವವರೆಗೆ ತಟ್ಟಿ.